ಹಾಜರಿ ಪುಸ್ತಕದಲ್ಲಿ ಇಲ್ಲದವನು

ಮಾನಸಗಂಗೋತ್ರಿಯಲ್ಲಿ ನಾನು ಓದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಯಾರಾದರೂ ‘ನೀವು ಯಾವ ವಿಭಾಗ? ಯಾವ ವರ್ಷದವರು?’ ಎಂದು ಕೇಳುತ್ತಾರೆ, ನಾನು ಕೆಮ್ಮು ಬಂದವನಂತೆ ನಟಿಸಬೇಕಾಗುತ್ತದೆ. ಆದರೆ ಮೂವತ್ತು ವರ್ಷಗಳಿಂದ ಅದರ ಆಜುಬಾಜಿನ ಬಾಡಿಗೆ ಮನೆಗಳಲ್ಲಿ ಬದುಕಿದ್ದೇನೆ, ಅದರ ಮರಗಳ ಕೆಳಗೆ ನಡೆದಿದ್ದೇನೆ, ಅದರ ಕಲ್ಲುಬೆಂಚುಗಳ ಮೇಲೆ ನಿದ್ದೆ ಮಾಡಿದ್ದೇನೆ. ಹಾಜರಿ ಪುಸ್ತಕ ಒಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ನಾನು ಹಾಜರಿದ್ದೆ.

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆಗಿನ ಮಾತಿನಲ್ಲಿ ಉಪಕುಲಪತಿ. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಎದ್ದ ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ. ಗಂಗೆ ಹುಟ್ಟುವ ಜಾಗಕ್ಕೆ ಹೋದವನು ಒಂದು ಮುಳುಗು ಹಾಕದೆ ಬರುತ್ತಾನೆಯೇ? ನಾನೂ ಬಂದದ್ದು ಮೀಯುವುದಕ್ಕೇ. ದಡದಲ್ಲಿ ನಿಂತು ಅಂಗಿ ಬಿಚ್ಚುವ ಹೊತ್ತಿಗೆ ಎಡವಟ್ಟಾಯಿತು.

1994ರಲ್ಲಿ ಎಂ.ಎ. ಅರ್ಜಿ ತರಲೆಂದು ಊರಿನಿಂದ ಮೊದಲ ಬಸ್ಸಿಗೆ ಬಂದೆ. ಅರ್ಜಿ ಕೊಡುವುದಕ್ಕೆ ಅಂದೇ ಕೊನೆಯ ದಿನ. ಕಚೇರಿಯ ಮುಂದೆ ನಾಲ್ಕು ಸಾಲುಗಳಿದ್ದವು. ಒಳ್ಳೆಯ ಹೋಟೆಲಿನ ಮುಂದೆ ಜನ ಹೆಚ್ಚು ಎಂಬ ನಮ್ಮ ಕಡೆಯ ಲೆಕ್ಕದಲ್ಲಿ ನಾನು ಅತಿ ಉದ್ದದ ಸಾಲನ್ನು ಆರಿಸಿಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಹಳ್ಳಿಯವನು ಎಂದು ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ. ಎರಡು ಗಂಟೆ ನಿಂತ ಮೇಲೆ ಕಿಟಕಿ ಬಂತು.

“ಯಾವ ಪದವಿ?” ಎಂದರು ಒಳಗಿನವರು.

“ಎಂ.ಎ., ಸಾರ್.”

“ಯಾವ ವರ್ಷದ್ದು?”

“ಈ ವರ್ಷ ಸೇರಿದರೆ ಮುಂದಿನ ಮುಂದಿನ ವರ್ಷದ್ದು.”

ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡರು. ಅದು ಪದವಿ ಪ್ರಮಾಣಪತ್ರ ಕಳೆದುಕೊಂಡವರು ಇನ್ನೊಂದು ಪ್ರತಿಗೆ ನಿಲ್ಲುವ ಸಾಲಾಗಿತ್ತು. “ಪಡೆಯುವುದಕ್ಕೆ ಮುಂಚೆಯೇ ಕಳೆದುಕೊಂಡಿರಾ?” ಎಂದರು. ಹಿಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವನ್ನು ಮುಗಿಸಿಕೊಂಡು ಸರಿಯಾದ ಸಾಲನ್ನು ಹುಡುಕುವಷ್ಟರಲ್ಲಿ ಆ ಕಿಟಕಿ ಮುಚ್ಚಿತ್ತು. ಒಂದು ವರ್ಷ ಕಳೆಯಲಿ, ಮತ್ತೆ ಅರ್ಜಿ ಹಾಕೋಣ ಎಂದುಕೊಂಡು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿಕೊಂಡೆ. ಆ ಒಂದು ವರ್ಷ ಇನ್ನೂ ಕಳೆದಿಲ್ಲ.

ಸಂಬಳ ಕೈಗೆ ಬರುವವರೆಗೆ ತಂಗಲು ಜಾಗ ಬೇಕಿತ್ತಲ್ಲ. ನಮ್ಮೂರಿನವನೇ ಆದ ನನ್ನ ಗೆಳೆಯ ಅದೇ ವರ್ಷ ಎಂ.ಎ. ಸೇರಿದ್ದ (ಅವನು ಸಾಲಿನಲ್ಲಿ ನಿಲ್ಲುವ ಮೊದಲು ಕೇಳುವ ಜಾತಿಯವನು). ಅವನ ಹಾಸ್ಟೆಲ್ ಕೋಣೆಯಲ್ಲಿ, ಎರಡು ಮಂಚಗಳ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡೆ. ಹೊರಗಿನವರು ಉಳಿಯಬಾರದು ಎಂಬ ನಿಯಮ ಬಾಗಿಲ ಹಿಂದೆಯೇ ಅಂಟಿಸಿತ್ತು. ಅದರ ಮೇಲೆ ನನ್ನ ಅಂಗಿ ನೇತುಹಾಕುತ್ತಿದ್ದುದರಿಂದ ಯಾರಿಗೂ ಕಾಣಿಸುತ್ತಿರಲಿಲ್ಲ.

ಒಂದು ಭಾನುವಾರ ವಾರ್ಡನ್ ಮುನ್ಸೂಚನೆಯಿಲ್ಲದೆ ಬಂದರು. ನನ್ನ ಬಳಿ ಇದ್ದದ್ದು ಒಂದೇ ಪ್ಯಾಂಟು. ಅದು ಒಗೆದು ಹಗ್ಗದ ಮೇಲಿತ್ತು. ಹಾಗಾಗಿ ನಾನು ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು, ಆದರೆ ಮೀಸೆಗೆ ನಲವತ್ತು ಆಗಿತ್ತು.

“ಇವರು ಯಾರು?”

ಗೆಳೆಯ ಕ್ಷಣವೂ ಯೋಚಿಸಲಿಲ್ಲ. “ನಮ್ಮ ಚಿಕ್ಕಪ್ಪ ಸಾರ್. ಊರಿನಿಂದ ನೋಡಿಕೊಂಡು ಹೋಗುವುದಕ್ಕೆ ಬಂದಿದ್ದಾರೆ.”

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ವಾರ್ಡನ್ ಒಳ್ಳೆಯ ಮನುಷ್ಯರು, ಅದೇ ತೊಂದರೆಯಾಯಿತು. ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತರು. “ಒಳ್ಳೆಯ ಸಮಯಕ್ಕೆ ಬಂದಿರಿ ಯಜಮಾನರೇ. ನಿಮ್ಮ ಹುಡುಗ ರಾತ್ರಿ ಹನ್ನೊಂದಾದರೂ ಕೋಣೆ ಸೇರುವುದಿಲ್ಲ. ಯಾರೋ ಒಬ್ಬ ಪೋಲಿ ಹುಡುಗನನ್ನು ಜೊತೆಗೆ ಕಟ್ಟಿಕೊಂಡು ಎರಡನೆಯ ಆಟದ ಸಿನಿಮಾಕ್ಕೆ ಹೋಗುತ್ತಾನಂತೆ. ಮನೆಯ ಹಿರಿಯರು ನೀವು, ನಾಲ್ಕು ಬುದ್ಧಿಮಾತು ಹೇಳಿ.” ಆ ಪೋಲಿ ಹುಡುಗ ಕಡಲೆಕಾಯಿಯ ಸಿಪ್ಪೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಗಂಟಲು ಸರಿಮಾಡಿಕೊಂಡು, “ಅಂಥವರ ಸಹವಾಸ ಬಿಡಬೇಕು ಕಣಪ್ಪ” ಎಂದ. ಗೆಳೆಯ ತಲೆತಗ್ಗಿಸಿ “ಆಗಲಿ ಚಿಕ್ಕಪ್ಪ” ಎಂದ. ವಾರ್ಡನ್‌ಗೆ ತೃಪ್ತಿಯಾಗಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿ ಎಂಬಂತೆ ನನ್ನತ್ತ ನೋಡಿದರು. ಹಾಗಾಗಿ ಅವನ ತಂದೆ ಎಷ್ಟು ಕಷ್ಟಪಟ್ಟು ದುಡ್ಡು ಕಳಿಸುತ್ತಾರೆ, ಅವನ ತಾಯಿ ಹೇಗೆ ಅರೆಹೊಟ್ಟೆ ಉಣ್ಣುತ್ತಾರೆ ಎಂದೆಲ್ಲ ಬಣ್ಣಿಸಿದೆ. ಮಾತಿನ ಭರದಲ್ಲಿ ನನಗೇ ಕಣ್ಣು ತುಂಬಿತು. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದ ಕೋಣೆಯ ಹುಡುಗರು ತಡೆಯಲಾರದೆ ಸ್ನಾನದ ಮನೆಯತ್ತ ಓಡಿದರು.

ಅಂದಿನಿಂದ ಇಡೀ ಹಾಸ್ಟೆಲಿಗೆ ನಾನು ಚಿಕ್ಕಪ್ಪ. ಹೆಸರೇ ಮರೆತುಹೋಯಿತು. ಕ್ಯಾಂಟೀನಿನ ಸಾಲದ ಪುಸ್ತಕದಲ್ಲಿಯೂ ‘ಚಿಕ್ಕಪ್ಪ, ಕಾಫಿ 2’ ಎಂದೇ ಬರೆಯುತ್ತಿದ್ದರು.

ಚಿಕ್ಕಪ್ಪಂದಿರು ತಿಂಗಳುಗಟ್ಟಲೆ ಉಳಿಯುವಂತಿಲ್ಲವಾದ್ದರಿಂದ ನಾನು ಪಡುವಾರಹಳ್ಳಿಯಲ್ಲಿ ಕೋಣೆ ಹುಡುಕಿದೆ. ಅಂಚೆಯವರಿಗೆ ಅದು ವಿನಾಯಕನಗರ, ಉಳಿದವರಿಗೆಲ್ಲ ಪಡುವಾರಹಳ್ಳಿ. ಓದುವ ಹುಡುಗರಿಗೆ ಮಾತ್ರ ಕೋಣೆ ಕೊಡುವುದು ಎಂದು ಮನೆಯೊಡತಿ ಖಂಡಿತವಾಗಿ ಹೇಳಿದರು. ನನ್ನ ಕಂಕುಳಲ್ಲಿದ್ದ ಕರಡಿನ ಕಟ್ಟನ್ನು ನೋಡಿ, “ಏನು ಓದುತ್ತಿದ್ದೀಯಪ್ಪ?” ಎಂದರು. “ಪಿಎಚ್.ಡಿ. ಪ್ರಬಂಧ ಅಮ್ಮ” ಎಂದೆ. ಸುಳ್ಳಲ್ಲ. ಅದನ್ನು ಬರೆದವರು ಬೇರೆ, ಓದುತ್ತಿದ್ದವನು ನಾನು. ನಿಜ ಹೇಳಬೇಕೆಂದರೆ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬಹುದು. ಎರಡು ತಿಂಗಳಿಗೆ ಅದು ಮುಗಿಯಿತು, ಇನ್ನೊಂದು ಬಂತು. ಆ ವರ್ಷದಲ್ಲಿ ನಾನು ಇತಿಹಾಸದಲ್ಲಿ ಒಂದು, ಅರ್ಥಶಾಸ್ತ್ರದಲ್ಲಿ ಒಂದು, ರೇಷ್ಮೆ ಕೃಷಿಯಲ್ಲಿ ಒಂದು ಎಂದು ಒಟ್ಟು ಮೂರು ಪಿಎಚ್.ಡಿ. ಮುಗಿಸಿದೆ. ಮನೆಯೊಡತಿ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೆಲವು ಹೆಣ್ಣು ಹೆತ್ತವರು ವಿಚಾರಿಸಿಯೂ ಹೋದರಂತೆ. ಸಂಬಳದ ಮಾತು ಬಂದಾಗ ಆ ವಿಚಾರಣೆ ನಿಂತಿತು.

ಕ್ಯಾಂಪಸ್ಸಿನ ಪಕ್ಕದಲ್ಲಿ ಬದುಕುವವನಿಗೆ ದಕ್ಕುವ ದೊಡ್ಡ ಭಾಗ್ಯವೆಂದರೆ ವಿಚಾರ ಸಂಕಿರಣ. ಕರಪತ್ರದಲ್ಲಿ ನಾನು ವಿಷಯವನ್ನು ನೋಡುತ್ತಿರಲಿಲ್ಲ, ದಿನಗಳನ್ನು ಎಣಿಸುತ್ತಿದ್ದೆ. ಒಂದು ದಿನದ್ದಾದರೆ ಬಿಸಿಬೇಳೆಬಾತು, ಎರಡು ದಿನದ್ದಾದರೆ ಹೋಳಿಗೆ. ಹಾಗೆ ಹೋದ ಒಂದು ಎರಡು ದಿನದ ಸಂಕಿರಣ ಭಾರತೀಯ ಕಾವ್ಯಮೀಮಾಂಸೆಯ ಮೇಲೆ. ವೇದಿಕೆಯಲ್ಲಿ ಹಿರಿಯ ವಿದ್ವಾಂಸರೊಬ್ಬರು ಎರಡು ಸಾಲಿನ ಒಂದು ಹಳೆಯ ಪದ್ಯವನ್ನು ಎತ್ತಿಕೊಂಡು ಆನಂದವರ್ಧನನ ಧ್ವನಿ ಸಿದ್ಧಾಂತವನ್ನು, ಅಂದರೆ ಪದ್ಯ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥವೇ ಕಾವ್ಯದ ಜೀವ ಎಂಬುದನ್ನು, ವಿವರಿಸುತ್ತಿದ್ದರು. ನಾನು ಕೊನೆಯ ಸಾಲಿನಲ್ಲಿ, ಅಡುಗೆಯವರ ಬಾಗಿಲಿಗೆ ಹತ್ತಿರವಾಗಿ ಕುಳಿತಿದ್ದೆ. ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಒಂದು ಅಕ್ಷರವೂ ಕೇಳುತ್ತಿರಲಿಲ್ಲವಾದ್ದರಿಂದ ಸಹಜವಾಗಿಯೇ ತೂಕಡಿಸುತ್ತಿದ್ದೆ. ಆ ತೂಕಡಿಕೆ ದೂರಕ್ಕೆ ತಲೆದೂಗುವಂತೆ ಕಂಡಿರಬೇಕು. ಅಧ್ಯಕ್ಷರು, “ಕೊನೆಯಲ್ಲಿ ಕುಳಿತಿರುವವರು ಬಹಳ ಹೊತ್ತಿನಿಂದ ತನ್ಮಯರಾಗಿದ್ದಾರೆ. ಅವರು ಏನಾದರೂ ಹೇಳುವುದಿದೆಯೇ?” ಎಂದರು. ಪಕ್ಕದವರು ತಿವಿದರು. ನಾನು ಗಾಬರಿಯಿಂದ ಎದ್ದು ನಿಂತು, ಆ ಕ್ಷಣದಲ್ಲಿ ನನಗೆ ಖಚಿತವಾಗಿ ಗೊತ್ತಿದ್ದ ಒಂದೇ ಸಂಗತಿಯನ್ನು ಹೇಳಿದೆ.

“ಹಿಂದಿನ ಸಾಲಿನಲ್ಲಿ ಧ್ವನಿಯೇ ಇಲ್ಲ ಸಾರ್.”

ಸಭೆ ಸ್ತಬ್ಧವಾಯಿತು. ವಿದ್ವಾಂಸರು ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟು, ಪದ್ಯದ ಮೊದಲ ಸಾಲನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ಆಮೇಲೆ, “ಇದು ಬಹಳ ಸೂಕ್ಷ್ಮವಾದ ಆಕ್ಷೇಪ” ಎಂದರು. ಧ್ವನಿ ಇರುವುದು ಎರಡನೆಯ ಸಾಲಿನಲ್ಲಿಯೋ, ಅಥವಾ ಹಿಂದಿನ ಸಾಲಿನ ಮೌನವೇ ಮುಂದಿನ ಸಾಲಿನ ಧ್ವನಿಯನ್ನು ಹುಟ್ಟಿಸುತ್ತದೆಯೋ ಎಂಬುದರ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಇನ್ನೊಬ್ಬರು ಎದ್ದು ನನ್ನ ಪಕ್ಷ ವಹಿಸಿದರು. ಮೂರನೆಯವರು ನನ್ನ ನಿಲುವು ಏಕಪಕ್ಷೀಯವಾಯಿತು ಎಂದು ಬೇಸರಪಟ್ಟರು. ಊಟ ಮುಕ್ಕಾಲು ಗಂಟೆ ತಡವಾಯಿತು, ಹೋಳಿಗೆ ಆರಿತು. ಕೈತೊಳೆಯುವ ಜಾಗದಲ್ಲಿ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಬಂದು, “ಸಾರ್, ತಮ್ಮ ಲೇಖನ ಎಲ್ಲಾದರೂ ಪ್ರಕಟವಾಗಿದೆಯೇ?” ಎಂದು ಕೇಳಿದರು. ನಾನು ಕೆಮ್ಮಿದೆ.

ಕೆರೆ ಮಾತ್ರ ನನ್ನ ಮಾನ ಕಾಪಾಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆರ್. ಕೆ. ನಾರಾಯಣ್ ಅಡ್ಡಾಡುತ್ತಿದ್ದರು ಎಂದು ಕೇಳಿ, ನನಗೂ ಏನಾದರೂ ಹೊಳೆಯಬಹುದು ಎಂದು ಬೆಳಗಿನ ಜಾವ ಹೋಗಲು ಶುರುಮಾಡಿದ್ದೆ. ಮೂರನೆಯ ದಿನ ನೀರಿನಲ್ಲಿ ಗೇಣುದ್ದದ ಕಪ್ಪು ಕತ್ತು ಎತ್ತಿಕೊಂಡು ಸರಸರ ಬರುತ್ತಿದ್ದ ಪ್ರಾಣಿಯನ್ನು ಕಂಡು “ಹಾವು! ಹಾವು!” ಎಂದು ಕೂಗಿ, ಮುಂದೆ ನಡೆಯುತ್ತಿದ್ದ ವೃದ್ಧ ದಂಪತಿಯನ್ನು ಎಳೆದು ಹಿಂದಕ್ಕೆ ತಂದೆ. ದುರ್ಬೀನು ಹಿಡಿದು ಪೊದೆಯ ಹಿಂದೆ ಒಂದು ಗಂಟೆಯಿಂದ ಉಸಿರು ಬಿಗಿಹಿಡಿದು ಕುಳಿತಿದ್ದ ಮೂವರು ಎದ್ದು ನಿಂತರು. ‘ಹಾವು’ ನೀರಿನಿಂದ ಮೇಲಕ್ಕೆ ಬಂದು, ಬಂಡೆಯ ಮೇಲೆ ಕುಳಿತು, ಎರಡೂ ರೆಕ್ಕೆಗಳನ್ನು ಬಿಸಿಲಿಗೆ ಹರಡಿಕೊಂಡಿತು. ಮೈಯನ್ನೆಲ್ಲ ನೀರಿನೊಳಗಿಟ್ಟು ಕತ್ತನ್ನಷ್ಟೇ ಹೊರಗಿಟ್ಟು ಈಜುವ ಆ ಹಕ್ಕಿಯ ಹೆಸರೇ ಹಾವಕ್ಕಿ ಎಂದು ದುರ್ಬೀನಿನವರು ಹಲ್ಲು ಕಡಿದು ತಿಳಿಸಿದರು. ಹಾವು ಎಂದದ್ದರಲ್ಲಿ ಅರ್ಧ ಸರಿಯಾಗಿತ್ತಲ್ಲ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ವಯಸ್ಸು ಏರಿದಂತೆ ದಾರಿ ಕೇಳುವವರು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ನರೆತ ತಲೆ, ಜೋಳಿಗೆ, ಮೆಲ್ಲಗಿನ ನಡಿಗೆ. ಗೊತ್ತಿಲ್ಲ ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ. ಹೊರರಾಜ್ಯದ ಒಬ್ಬರು ‘ಭಾಷೆಯ ಮೇಲೆ ಕೆಲಸ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ’ ಎಲ್ಲಿ ಎಂದಾಗ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಚರಿತ್ರೆಯನ್ನೆಲ್ಲ ಹೇಳಿ, ದಾರಿಯನ್ನು ಮಾತ್ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದು ತೋರಿಸಿದೆ. ಎರಡೂ ಈ ಕಡೆಯೇ ಇವೆ, ಎರಡರಲ್ಲೂ ಮಾತಿನ ಕೆಲಸವೇ. ಆ ಮಹನೀಯರು ಕಿವಿ ಪರೀಕ್ಷೆಗೆ ಬಂದವರ ನಡುವೆ ಅರ್ಧ ಗಂಟೆ ಕುಳಿತಿದ್ದರಂತೆ. ಮರಳಿ ಬರುವಾಗ ನಾನು ಅದೇ ಬೆಂಚಿನ ಮೇಲಿದ್ದೆ. ಅವರು ಬಾಯಿ ತೆರೆದದ್ದು ಕಂಡಿತು. ನಾನು ಕಿವಿಗೆ ಕೈಯಿಟ್ಟು ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದೆ.

ಈ ತಪ್ಪು ಗುರುತು ನಮ್ಮ ವಂಶಕ್ಕೇ ಅಂಟಿದ್ದು ಎಂದು ತಿಳಿದದ್ದು ಅಮ್ಮ ಬಂದಾಗ. 1905ರ ಜಯಲಕ್ಷ್ಮೀ ವಿಲಾಸ ಅರಮನೆ ದುರಸ್ತಿಯಾದ ಮೇಲೆ ಅಲ್ಲಿಯ ಜಾನಪದ ವಸ್ತುಸಂಗ್ರಹಾಲಯವನ್ನು ತೋರಿಸಲು ಕರೆದೊಯ್ದೆ. ಅರಮನೆ ಎಂದದ್ದಕ್ಕೆ ಅವರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಳಗೆ ನೋಡಿದರೆ ಒನಕೆ, ಮೊರ, ಸೇರು, ಪಾವು. “ಇದನ್ನು ನೋಡುವುದಕ್ಕೆ ಬಸ್ಸಿನ ದುಡ್ಡು ಕೊಟ್ಟು ಬಂದೆನೇ? ನಮ್ಮ ಅಟ್ಟದ ಮೇಲೆ ಇದರ ಅಪ್ಪನಂಥವು ಬಿದ್ದಿವೆ” ಎಂದರು. ಆದರೂ ಕಾಲು ಅಲ್ಲೇ ನಿಂತಿತು. ಸೇರಿಗೆ ಪಾವು ಎಷ್ಟು, ಪಾವಿಗೆ ಚಟಾಕು ಎಷ್ಟು, ತಲೆತಟ್ಟಿ ಅಳೆಯುವುದು ಹೇಗೆ, ಗೋಪುರ ಮಾಡಿ ಅಳೆಯುವುದು ಯಾರಿಗೆ ಎಂದು ನನಗೆ ಹೇಳಲು ತೊಡಗಿದವರು, ತಿರುಗಿ ನೋಡುವಷ್ಟರಲ್ಲಿ ಒಂದು ಶಾಲೆಯ ನಲವತ್ತು ಮಕ್ಕಳು ಸುತ್ತಲೂ ನಿಂತು ಬರೆದುಕೊಳ್ಳುತ್ತಿದ್ದರು. ಅವರ ಮೇಷ್ಟ್ರು ಕೊನೆಗೆ ಕೈಮುಗಿದು, “ಮೇಡಂ, ತಾವು ಇಲ್ಲಿ ಯಾವ ವಿಭಾಗದಲ್ಲಿದ್ದೀರಿ?” ಎಂದರು. ಅಮ್ಮ ಕೆಮ್ಮಲಿಲ್ಲ. “ಅಡುಗೆಮನೆ ವಿಭಾಗ” ಎಂದರು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಹೋದ ವರ್ಷ ಗೆಳೆಯ ಮಗಳನ್ನು ಕರೆದುಕೊಂಡು ಬಂದ. ಅವಳಿಗೆ ಇಲ್ಲಿಯೇ ಎಂ.ಎ. ಸೀಟು ಸಿಕ್ಕಿತ್ತು. ನಾನೂ ಜೊತೆಗೆ ಹೋದೆ. ಸಾಲಿನಲ್ಲಿ ನಿಲ್ಲುವ ಮೊದಲು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಹುಡುಗಿ ಅರ್ಜಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯುತ್ತ, ‘ಸ್ಥಳೀಯ ಪೋಷಕರು’ ಎಂಬಲ್ಲಿ ನನ್ನ ಹೆಸರು, ವಯಸ್ಸು ತುಂಬಿದಳು. ಮುಂದಿನ ಕಾಲಂ ‘ಸಂಬಂಧ’. ಮಾತು ಬಂದ ದಿನದಿಂದ ನನ್ನನ್ನು ಏನೆಂದು ಕರೆಯುತ್ತಿದ್ದಳೋ ಅದನ್ನೇ ಬರೆದಳು: ಚಿಕ್ಕ ತಾತ.

ಕಿಟಕಿಯ ಆಚೆಯ ಗುಮಾಸ್ತರು ಅರ್ಜಿ ನೋಡಿದರು, ತಂದೆಯ ವಯಸ್ಸು ನೋಡಿದರು, ಚಿಕ್ಕ ತಾತನ ವಯಸ್ಸು ನೋಡಿದರು. ನಾನು ಅವನಿಗಿಂತ ಒಂದು ವರ್ಷ ಕಿರಿಯ. ಕತ್ತು ಹೊರಗೆ ಹಾಕಿ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ಅಳೆದರು.

“ಇವರು ನಿಮ್ಮ ಚಿಕ್ಕಪ್ಪನೇ?” ಎಂದು ಗೆಳೆಯನನ್ನು ಕೇಳಿದರು.

“ಹೌದು ಸಾರ್” ಎಂದ ಅವನು, “ಹಾಸ್ಟೆಲಿನಲ್ಲಿ ಇದ್ದಾಗಿನಿಂದ.”

ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಹರು ಒತ್ತಿದರು.