ರೀಬೂಟ್ ಆದಮೇಲೆ ನಾನ್ಯಾರು?

ಒಂದು ಆಫೀಸಿದೆ ಅಂದುಕೊಳ್ಳಿ. ಬೆಳಗ್ಗೆ ಮೊದಲು ಬಂದವರು ಮ್ಯಾನೇಜರ್, ಆಮೇಲೆ ಬಂದವರು ವಾಚ್‌ಮನ್. ನಾಳೆ ವಾಚ್‌ಮನ್ ಬೇಗ ಬಂದರೆ ಚೆಕ್ಕಿಗೆ ಸಹಿ ಅವನದೇ. ನಗಬೇಡಿ. ಲಿನಕ್ಸ್ ಸರ್ವರ್‌ಗಳು ವರ್ಷಗಟ್ಟಲೆ ಹೀಗೇ ನಡೆದವು. ಲಿನಕ್ಸ್‌ನ ತಿರುಳಾದ ಕರ್ನಲ್ ಕಣ್ಣಿಗೆ ಮೊದಲು ಬಿದ್ದ ನೆಟ್‌ವರ್ಕ್ ಕಾರ್ಡಿನ ಹೆಸರು ಇಥ್0 (eth0), ಮುಂದಿನದರದ್ದು ಇಥ್1. ಮರು ಬೂಟ್‌ನಲ್ಲಿ, ಕಾರ್ಡುಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳ ಓಟ ಬೇರೆಯವರು ಗೆದ್ದರೆ ಹೆಸರುಗಳೂ ಅದಲುಬದಲು. ಫೈರ್‌ವಾಲ್ ಪಾಪ, ಹೆಸರು ನೋಡಿ ಬಾಗಿಲು ಕಾಯುವ ಪ್ರಾಣಿ. ಇಡೀ ಇಂಟರ್ನೆಟ್ಟನ್ನು ಮನೆಯವರೆಂದು ಒಳಗೆ ಬಿಟ್ಟು, ಮನೆಯವರ ಮುಖಕ್ಕೆ ಕದ ಹಾಕುತ್ತಿತ್ತು.

ಸರಿ, ರಿಜಿಸ್ಟರ್ ಇಡೋಣ ಅಂದರು. ಸಾಧನಗಳಿಗೆ ಹೆಸರಿಡುವ ಯುಡೆವ್ ಎಂಬ ತಂತ್ರಾಂಶ ಪ್ರತಿ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಬರೆದುಕೊಂಡು ಹೆಸರು ಕಾಯಂ ಮಾಡಿತು. ಎಷ್ಟು ಕಾಯಂ ಅಂದರೆ, ಕಾರ್ಡ್ ಸುಟ್ಟು ಕಸದ ಬುಟ್ಟಿ ಸೇರಿದರೂ ಇಥ್0 ಅದರದ್ದೇ. ಹೊಸಬ ಒಬ್ಬನೇ ಇದ್ದರೂ ಇಥ್1. ವರ್ಚುವಲ್ ಮಷೀನನ್ನು (ತಂತ್ರಾಂಶದಲ್ಲೇ ಓಡುವ ಕಂಪ್ಯೂಟರ್) ನಕಲು ಮಾಡಿದವರಿಗೆ ಈ ಭೂತ ಹಳೇ ಪರಿಚಯ.

2013ರಲ್ಲಿ ಲಿನಕ್ಸನ್ನು ಶುರು ಮಾಡಿ ನಡೆಸುವ ತಂತ್ರಾಂಶ ಸಿಸ್ಟಮ್‌ಡಿಯ 197ನೇ ಆವೃತ್ತಿ ಬಂತು. ಇನ್ನು ಕೂತ ಜಾಗವೇ ಹೆಸರು. ಕಾರ್ಡುಗಳನ್ನು ಜೋಡಿಸುವ ಪಿಸಿಐ ದಾರಿಯಲ್ಲಿ ಬಸ್ 3, ಸ್ಲಾಟ್ 0 ಆದರೆ ಇಎನ್‌ಪಿ3ಎಸ್0 (enp3s0). ಈ ಏರ್ಪಾಡಿಗೆ ಅವರು ಇಟ್ಟ ಹೆಸರು, ಜೋಕಲ್ಲ, 'ಊಹಿಸಬಹುದಾದ ಹೆಸರುಗಳು'. ಈಗ ಒಂದು ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಡಿಸ್ಕೋ ಸಿಕ್ಕಿಸಿ. ಬಸ್ ಎಣಿಕೆ ಒಂದು ಜಾಸ್ತಿಯಾಗಿ ನಿಮ್ಮ ಕಾರ್ಡ್ ಇಎನ್‌ಪಿ4ಎಸ್0 ಆಗಿ ಏಳಬಹುದು. ಕಾರ್ಡ್ ಇದ್ದಲ್ಲೇ ಇದೆ, ಕೇಬಲ್ಲೂ ಕದಲಿಲ್ಲ. ಪಕ್ಕದಲ್ಲಿ ಯಾರೋ ಬೀರು ತಂದಿಟ್ಟರು ಅಂತ ನಿಮ್ಮ ಹೆಸರು ಬದಲಾದರೆ ಹೇಗಿರುತ್ತದೆ? ಅಷ್ಟೇ.

ಯುಎಸ್‌ಬಿ ಅಡಾಪ್ಟರ್‌ಗೆ ಹಲವೆಡೆ ಇನ್ನೂ ಮರ್ಯಾದೆ ಜಾಸ್ತಿ. 'ಇಎನ್‌ಎಕ್ಸ್' (enx) ಆದಮೇಲೆ ಮ್ಯಾಕ್ ವಿಳಾಸದ ಹನ್ನೆರಡೂ ಅಕ್ಷರ. ಒಟ್ಟು 15. ಕರ್ನಲ್ ಒಪ್ಪುವ ಮಿತಿಯೂ ಅಷ್ಟೇ, ಬಚಾವ್. ಅದನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಓದಿ ಹೇಳಿ ನೋಡಿ.

ನಡುವೆ ಹೆಸರಿಡುವ ನಿಯಮವೂ ಬದಲಾಗುತ್ತಾ ಬಂತು. ಆದ್ದರಿಂದ ನಿಯಮಕ್ಕೂ ವರ್ಷನ್ ನಂಬರ್ ಕೊಟ್ಟಿದ್ದಾರೆ. ಹಳೇದೇ ಬೇಕಿದ್ದರೆ ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆ) ವಿ238 ಎಂದು ಅರ್ಜಿ ಹಾಕಿಕೊಳ್ಳಬೇಕು. ಸ್ಥಿರವಾಗಿರುವುದಕ್ಕೂ ಅರ್ಜಿ!

ಇಷ್ಟೆಲ್ಲ ಆದಮೇಲೆ ಬಲ್ಲವರು ಕೊಡುವ ಸಲಹೆ ಏನು ಗೊತ್ತಾ? ನೀವೇ ಹೆಸರಿಡಿ. ಸಿಸ್ಟಮ್‌ಡಿ ಓದುವ ನಾಲ್ಕು ಸಾಲಿನ ಲಿಂಕ್ ಫೈಲ್, ಅದರಲ್ಲಿ ಮ್ಯಾಕ್ ವಿಳಾಸ, ಎದುರಿಗೆ ನಿಮಗಿಷ್ಟವಾದ ಹೆಸರು. ಇಥ್0 ಅಂತ ಮಾತ್ರ ಇಡಬೇಡಿ, ಅಷ್ಟರಲ್ಲಿ ಕರ್ನಲ್ ಅದನ್ನು ಇನ್ಯಾರಿಗೋ ಕೊಟ್ಟಿರಬಹುದು. 'ಲ್ಯಾನ್0' ಅನ್ನಿ. ರೀಬೂಟ್ ಮಾಡಿ. ಬಂತಲ್ವಾ?

ಇನ್ನು ನೆಮ್ಮದಿ. ಮದರ್‌ಬೋರ್ಡ್ ಸುಡುವವರೆಗೆ. ಹೊಸ ಬೋರ್ಡಿಗೆ ಹೊಸ ಮ್ಯಾಕ್.