ನಾಲ್ಕು ನಿಮಿಷ ಅಂದರೆ ನಾಲ್ಕೇ ನಿಮಿಷ

ಕರೆಂಟ್ ಹೋದಾಗ ಕಂಪ್ಯೂಟರ್ ಆಫ್ ಆಗದಂತೆ ನೋಡಿಕೊಳ್ಳೋ ನಮ್ಮ ಯುಪಿಎಸ್‌ನ ಹಳೇ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಹೊಸದು ಹಾಕಿಸಿದೆ. 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್), ಎತ್ತಿದರೆ ಕೈ ಜಗ್ಗುವಷ್ಟು ಭಾರ. ಆದರೂ ಯುಪಿಎಸ್‌ನ ಪುಟ್ಟ ಪರದೆ ಮಾತ್ರ 'ಇನ್ನು 4 ನಿಮಿಷ' ಅಂತ ಹಳೇ ರಾಗವನ್ನೇ ಹಾಡುತ್ತಿತ್ತು. ಬ್ಯಾಟರಿ ಬದಲಾಗಿದ್ದು ಅದಕ್ಕೆ ತಾನಾಗಿ ಗೊತ್ತಾಗಲ್ಲ. ಸತ್ತುಹೋದ ಬ್ಯಾಟರಿಯ ಲೆಕ್ಕ ಇಟ್ಟುಕೊಂಡು ಹೊಸದಕ್ಕೆ ಮಾರ್ಕ್ಸ್ ಕೊಡುತ್ತಿತ್ತು.

ಇದಕ್ಕೆ ಮದ್ದು ಕ್ಯಾಲಿಬ್ರೇಶನ್, ಅಂದರೆ ಹೊಸ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಯುಪಿಎಸ್‌ಗೆ ಮತ್ತೆ ಕಲಿಸೋದು. ಪೂರ್ತಿ ಚಾರ್ಜ್ ಮಾಡಿ, ಏರಿಳಿತ ಇಲ್ಲದೆ ಕರೆಂಟ್ ಎಳೆಯೋ ಒಂದು ಲೋಡ್ ಕೊಟ್ಟು, ಗೋಡೆಯ ಪ್ಲಗ್ ಕಿತ್ತು, ತಾನಾಗಿ ಆಫ್ ಆಗೋವರೆಗೂ ಸುಮ್ನೆ ಬಿಡಬೇಕು. ಆಮೇಲೆ ಮತ್ತೆ ಪೂರ್ತಿ ಚಾರ್ಜ್. ಪದೇ ಪದೇ ಮಾಡಬಾರದು. ಇಂಥ ಸೀಸದ ಬ್ಯಾಟರಿಗೆ ತಳ ಕಾಣೋವರೆಗೂ ಖಾಲಿಯಾಗೋದು ಆಗಿಬರಲ್ಲ.

ಕಂಪ್ಯೂಟರನ್ನೇ ಲೋಡ್ ಮಾಡಿದರೆ ಕೊನೆಗೆ ಅದೂ ದಬಕ್ ಅಂತ ಆಫ್. ಹಾಗಾಗಿ 100 ವ್ಯಾಟಿನ ಹಳೇ ಕಾಲದ ಬಲ್ಬು ಬೇಕಿತ್ತು. ಮನೆ ತುಂಬಾ 9 ವ್ಯಾಟಿನ ಎಲ್‌ಇಡಿ. ಪುಣ್ಯಕ್ಕೆ ನಮ್ಮಮ್ಮ ಯಾವುದನ್ನೂ ಎಸೆಯುವವಳಲ್ಲ. ಅಟ್ಟದಿಂದ ಪೇಪರು ಸುತ್ತಿದ ಬಲ್ಬ್ ಇಳಿಯಿತು. ಅದಕ್ಕೆ ರೂಟರನ್ನೂ ಸೇರಿಸಿ ಪ್ಲಗ್ ಕಿತ್ತೆ.

ಯುಪಿಎಸ್ ಕೀಂಯ್ ಕೀಂಯ್ ಅನ್ನತೊಡಗಿತು. ಪಕ್ಕದ ಮನೆಯವರು ಇಣುಕಿದರು. "ನಿಮ್ಮನೇಲಿ ಕರೆಂಟ್ ಇಲ್ವಾ? ನಮ್ಮನೇಲಿ ಇದೆಯಲ್ಲ!"

"ನಮ್ಮಲ್ಲೂ ಇದೆ, ಇವನು ಬೇಕಂತ ಕಿತ್ತಿದ್ದಾನೆ" ಅಂದಳು ಅಮ್ಮ. ಅವರು ನನ್ನನ್ನೊಮ್ಮೆ ನೋಡಿ ಏನೂ ಕೇಳದೆ ಹೊರಟುಹೋದರು.

ಪರದೆ 4ರಿಂದ 3, 2, 1 ಅಂತ ಇಳಿದು 0ಗೆ ಬಂತು. ಬಲ್ಬ್ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಅಮ್ಮ "ಹೇಗೂ ಖಾಲಿ ಮಾಡ್ತಿದ್ದೀಯಲ್ಲ, ಚಟ್ನಿನಾದ್ರೂ ಆಗಲಿ" ಅಂತ ಮಿಕ್ಸಿ ವೈರ್ ಹಿಡಿದು ಬಂದಳು. ನಮ್ಮ ಯುಪಿಎಸ್ ಮೇಲೆ 600 ವಿಎ (ವೋಲ್ಟ್-ಆಂಪಿಯರ್) ಅಂತ ಇದ್ದರೂ ಅದು ಹೊರೋದು 360 ವ್ಯಾಟ್, ಮಿಕ್ಸಿ 500. ಅಡ್ಡ ನಿಂತು ತಡೆದೆ. ಅವತ್ತು ತಿಂಡಿಗೆ ಚಟ್ನಿಪುಡಿಯೇ ಗತಿ.

ಕೊನೆಗೂ ಟಪ್ ಅಂತ ಆಫ್ ಆಯಿತು. ಮಾರನೇ ದಿನ ಅದೇ ಬಲ್ಬಿಗೆ ಪರದೆ 21 ನಿಮಿಷ ತೋರಿಸಿತು. ಅಮ್ಮನಿಗೆ ಖುಷಿಯೋ ಖುಷಿ. "ಹಾಗಾದ್ರೆ ಟಿವಿನೂ ಇದಕ್ಕೇ ಹಾಕು."

ಹಾಕಿದೆ. ಲೋಡ್ ಡಬಲ್ ಆಯಿತು, ಪರದೆ 8ಕ್ಕೆ ಕುಸಿಯಿತು. 21ರಲ್ಲಿ ಅರ್ಧ ಹತ್ತೂವರೆ ಅಲ್ವಾ, ಉಳಿದಿದ್ದು ಎಲ್ಲಿ ಹೋಯಿತು ಅಂತ ಅಮ್ಮನ ತಕರಾರು. ಜಾಸ್ತಿ ಕರೆಂಟ್ ಎಳೆದಷ್ಟೂ ಸೀಸದ ಬ್ಯಾಟರಿ ಕೊಡೋ ಒಟ್ಟು ಲೆಕ್ಕವೇ ಕಮ್ಮಿಯಾಗುತ್ತೆ, ಪೊಯ್ಕರ್ಟ್ ಅನ್ನೋ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ ಅಂತ ವಿವರಿಸಿದೆ.

"ಅಷ್ಟು ಹಳೇ ಕಂಪ್ಲೇಂಟಾ? ಇನ್ನೂ ಯಾರೂ ರಿಪೇರಿ ಮಾಡಿಲ್ವಾ?" ಅಂದವಳೇ ಬ್ಯಾಟರಿಯ ವಾರಂಟಿ ಕಾರ್ಡ್ ಹುಡುಕಲು ಹೊರಟಳು.