ಐವತ್ತು ರೂಪಾಯಿಗೆ ಎರಡು ಗಂಟೆ, ನಾಲ್ಕು ಲಕ್ಷಕ್ಕೆ ಐದು ನಿಮಿಷ

ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾ ಸಮಿತಿಯ ಸದಸ್ಯ. ಮಗಳು ಏಳನೇ ತರಗತಿಯಲ್ಲಿದ್ದಾಳೆ. ಅವಳು ಶಾಲೆ ಬಿಟ್ಟ ದಿನ ನನ್ನ ಸದಸ್ಯತ್ವವೂ ಮುಗಿಯುತ್ತದೆ. ಅಷ್ಟರೊಳಗೆ ಈ ಮೂರು ವರ್ಷ ಸಮಿತಿಯಲ್ಲಿ ಕುಳಿತು ಕಂಡದ್ದನ್ನು ಬರೆದಿಡಬೇಕು ಅನಿಸಿತು. ಊರಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಯಾರನ್ನೋ ಬಯಲಿಗೆಳೆಯುವುದು ನನ್ನ ಉದ್ದೇಶವಲ್ಲ, ಅಲ್ಲದೆ ಇಲ್ಲಿ ಹೇಳಲಿರುವ ತಪ್ಪಿನ ಕೆಳಗೆ ನನ್ನ ಸಹಿಯೂ ಇದೆ.

ಕಳೆದ ನವೆಂಬರ್‌ನ ಸಭೆಯ ಮುಂದೆ ಎರಡು ವಿಷಯಗಳಿದ್ದವು. ಒಂದು, ಮಕ್ಕಳ ಶೈಕ್ಷಣಿಕ ಪ್ರವಾಸ. ಇನ್ನೊಂದು, ಸೋರುತ್ತಿದ್ದ ಎರಡು ಕೊಠಡಿಗಳ ಛಾವಣಿ ದುರಸ್ತಿ. ಪ್ರವಾಸದ ಚರ್ಚೆ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ಒಂದು ಗಂಟೆಯವರೆಗೆ ನಡೆಯಿತು. ಮೈಸೂರೋ ಹಂಪಿಯೋ, ಒಂದು ದಿನವೋ ಎರಡು ದಿನವೋ, ಊಟ ಇಲ್ಲಿಂದ ಕಟ್ಟಿಕೊಂಡು ಹೋಗುವುದೋ ಅಲ್ಲೇ ಕೊಡಿಸುವುದೋ, ಎಲ್ಲವೂ ಬಂದವು. ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ಸಿಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ ಎಂದು ಮುಖ್ಯ ಶಿಕ್ಷಕರು ವಿವರಿಸಿದಾಗ, ಒಬ್ಬ ಪೋಷಕರು ಅಲ್ಲೇ ಮೊಬೈಲ್ ತೆಗೆದು ಗುಣಾಕಾರ ಮಾಡಿ, ತಲೆಗೆ ಐವತ್ತು ರೂಪಾಯಿ ಹೆಚ್ಚು ಹಾಕಿದ್ದೀರಿ ಎಂದು ಪಟ್ಟು ಹಿಡಿದರು. "ಹೆಣ್ಣುಮಕ್ಕಳಿಗೆ ಬಸ್ ಫ್ರೀ ಐತಲ್ಲ ಸಾರ್, ಅವರತ್ರ ಯಾಕೆ ದುಡ್ಡು?" ಎಂದು ಇನ್ನೊಬ್ಬರು ಕೇಳಿದರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಒಪ್ಪಂದದ ಮೇಲೆ ಪಡೆದ ಬಸ್ಸಿಗೆ ಅನ್ವಯಿಸುವುದಿಲ್ಲ ಎಂದು ತಿಳಿಹೇಳುವುದಕ್ಕೇ ಕಾಲು ಗಂಟೆ ಹಿಡಿಯಿತು. ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಕೊನೆಗೆ ಆ ಐವತ್ತು ರೂಪಾಯಿ ಇಳಿಯಿತು. ಎಲ್ಲರಿಗೂ ಏನೋ ಗೆದ್ದ ಸಮಾಧಾನ.

ಅಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ, ಚಹಾ ಬಂದವು. ಛಾವಣಿಯ ವಿಷಯ ಬಂದದ್ದು ಆಗಲೇ. "ಅಂದಾಜು ಪಟ್ಟಿ ಆಗಿದೆ, ಮೇಲಿಂದ ಮಂಜೂರಾತಿಯೂ ಸಿಕ್ಕಿದೆ, ನಮ್ಮದೊಂದು ಠರಾವು ಇದ್ದರೆ ಸಾಕು" ಎಂದರು. ನಾಲ್ಕು ಲಕ್ಷ ಚಿಲ್ಲರೆಯ ಕಾಮಗಾರಿ. ಮೂರು ಹಾಳೆಯ ಅಂದಾಜು ಪಟ್ಟಿ ಮೇಜಿನ ಮೇಲಿತ್ತು, ಅದರ ಮೇಲೆ ಮಂಡಕ್ಕಿಯ ಪೊಟ್ಟಣವಿತ್ತು. ನಡಾವಳಿ ಪುಸ್ತಕ ಕೈಯಿಂದ ಕೈಗೆ ದಾಟಿತು. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ನಾನು ಓದು ಬಲ್ಲವನು, ಬಿ.ಕಾಂ. ಮಾಡಿದವನು. ಆ ಮೂರು ಹಾಳೆಗಳನ್ನು ತಿರುವಿ ನೋಡಲಿಲ್ಲ.

ಇದನ್ನು ಉದಾಸೀನ ಎಂದು ತಳ್ಳಿಹಾಕಿಬಿಡಬಹುದು. ಆದರೆ ಅದೇ ಜನ ಅರ್ಧ ಗಂಟೆ ಮೊದಲು ಐವತ್ತು ರೂಪಾಯಿಗಾಗಿ ಸಾರಿಗೆ ಸಂಸ್ಥೆಯ ದರಪಟ್ಟಿಯನ್ನೇ ಜಾಲಾಡಿದ್ದರು. ಬಸ್ಸು ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹತ್ತಿದ್ದಾರೆ, ಟಿಕೆಟ್ ಕೊಂಡಿದ್ದಾರೆ, ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಜಗಳವಾಡಿದ್ದಾರೆ. ಅಂದಾಜು ಪಟ್ಟಿಯಾದರೋ ಇಂಗ್ಲಿಷಿನಲ್ಲಿತ್ತು, ಅದೂ ಎಂಜಿನಿಯರುಗಳು ತಮ್ಮೊಳಗೇ ಬಳಸುವ ತುಂಡು ಪದಗಳ ಇಂಗ್ಲಿಷಿನಲ್ಲಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪ್ರವಾಸದ ದುಡ್ಡು ನಮ್ಮ ಜೇಬಿನಿಂದ ಹೋಗುವಂಥದ್ದು. ಛಾವಣಿಯದು ಸರ್ಕಾರದ ದುಡ್ಡು, ಅಂದರೆ ನಮ್ಮ ಲೆಕ್ಕದಲ್ಲಿ ಯಾರದೂ ಅಲ್ಲದ ದುಡ್ಡು.

ಕಾನೂನು ಹಾಗೆ ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಸರ್ಕಾರಿ ಆದೇಶದ ಮೂಲಕ 2001ರಲ್ಲೇ ಬಂದವು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇಂಥ ಸಮಿತಿಗೆ ಕಾಯ್ದೆಯ ಬಲವನ್ನೇ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲಾಭಿವೃದ್ಧಿ ಯೋಜನೆಯನ್ನು ಸಮಿತಿಯೇ ಸಿದ್ಧಪಡಿಸಬೇಕು. ಅದರ ಜೊತೆಗೆ, ಸರ್ಕಾರದಿಂದಾಗಲಿ ಸ್ಥಳೀಯ ಸಂಸ್ಥೆಯಿಂದಾಗಲಿ ಬೇರಾವುದೇ ಮೂಲದಿಂದಾಗಲಿ ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ ಎಂದು ಅಲ್ಲಿ ಸ್ಪಷ್ಟವಾಗಿದೆ. ಕಾಮಗಾರಿಯನ್ನು ಯಾವ ಇಲಾಖೆ ಮಾಡಿಸಿದರೂ ಈ ಮಾತು ಬದಲಾಗುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ನಮ್ಮ ಪೂರ್ಣ ಹೆಸರಿನಲ್ಲೇ 'ಮೇಲುಸ್ತುವಾರಿ' ಎಂಬ ಪದವಿದೆ, ಆದರೆ ನಾವು ಅದನ್ನು ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ ಮುಚ್ಚಿಟ್ಟು ಮರೆತಿದ್ದೇವೆ.

ಇಲ್ಲಿ ಶಾಲೆಯ ಹಣದ ಲೆಕ್ಕವನ್ನೂ ಸ್ವಲ್ಪ ಹೇಳಬೇಕು. ನಮ್ಮಲ್ಲಿ ನೂರಕ್ಕಿಂತ ತುಸು ಹೆಚ್ಚು ಮಕ್ಕಳಿದ್ದಾರೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಸಿಗುತ್ತದೆ, ಮಕ್ಕಳ ಸಂಖ್ಯೆ ನೂರಕ್ಕೆ ಇಳಿದರೆ ಅದು 25,000 ಆಗುತ್ತದೆ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗವನ್ನು ಸ್ವಚ್ಛತೆಗೆ ಎತ್ತಿಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣದಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲವೂ ನಡೆಯಬೇಕು. ಇಬ್ಬರು ಮೂವರು ಮಕ್ಕಳು ಪಟ್ಟಣದ ಕಾನ್ವೆಂಟಿಗೆ ಹೋದರೆ ಅನುದಾನ ಅರ್ಧವಾಗುತ್ತದೆ, ಛಾವಣಿಯಂತೂ ಅಷ್ಟೇ ಅಗಲ ಇರುತ್ತದೆ. ಹಾಗಾಗಿ ದೊಡ್ಡ ದುರಸ್ತಿಗೆ ಯಾವಾಗಲೋ ಒಮ್ಮೆ ಲಕ್ಷಗಳಲ್ಲಿ ಹಣ ಬಂದಾಗ, ಅದು ಹಳ್ಳಿಯ ಶಾಲೆಯೊಂದರ ಪಾಲಿಗೆ ಹತ್ತು ವರ್ಷಕ್ಕೊಮ್ಮೆ ಬರುವ ಮಳೆ.

ನಮ್ಮ ಶಾಲೆಯ ಅತಿ ಹಳೆಯ ಕೊಠಡಿಗೆ ಮಂಗಳೂರು ಹೆಂಚು ಹೊದಿಸಿದೆ. ಅದು ಸೋರುವುದಿಲ್ಲ. ಒಂದೆರಡು ಹೆಂಚು ಒಡೆದರೆ ಊರಿನವರೇ ಹತ್ತಿ ಬದಲಿಸುತ್ತಾರೆ. ಸೋರುವುದು ಆಮೇಲೆ ಕಟ್ಟಿದ ತಾರಸಿಯ ಕೊಠಡಿಗಳು. ಆವರಣದ ಬೇವಿನ ಎಲೆ ಬಿದ್ದು ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ, ಮಳೆ ನೀರು ತಾರಸಿಯ ಮೇಲೇ ನಿಲ್ಲುತ್ತದೆ, ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತಾಗುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿ ತನ್ನ ಕೆಳಗಿನ ಕಾಂಕ್ರೀಟನ್ನೇ ಒದ್ದು ಬೀಳಿಸುತ್ತದೆ. ನಮ್ಮಲ್ಲಿ ಮಳೆ ಕಡಿಮೆ ಎಂಬ ಧೈರ್ಯದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಬೀಳುವ ಹತ್ತಾರು ದಿನದ ಮಳೆಯೇ ಇಷ್ಟೂ ಕೆಲಸವನ್ನು ಮಾಡಿ ಮುಗಿಸುತ್ತದೆ.

ದುರಸ್ತಿ ಬೇಸಿಗೆ ರಜೆಯಲ್ಲಿ ನಡೆಯಿತು. ತಾರಸಿಯ ಮೇಲೆ ಹೊಸ ಕಾಂಕ್ರೀಟ್ ಪದರ, ಒಳಗೆ ಗಿಲಾವು, ಮೇಲೆ ಬಣ್ಣ. ಜೂನ್‌ನಲ್ಲಿ ನೋಡಿದವರೆಲ್ಲ ಶಾಲೆ ಮದುವೆ ಮನೆಯ ಹಾಗೆ ಕಾಣುತ್ತಿದೆ ಎಂದರು. ಆಗಸ್ಟ್‌ನಲ್ಲಿ ಎರಡು ದಿನ ಜಡಿಮಳೆ ಹಿಡಿದಾಗ ಆರನೇ ತರಗತಿಯ ಹಿಂದಿನ ಎರಡು ಬೆಂಚುಗಳನ್ನು ಮತ್ತೆ ಮುಂದಕ್ಕೆ ಎಳೆಯಬೇಕಾಯಿತು.

ಆ ವಾರ ನಾನು ಮತ್ತು ಸಮಿತಿಯ ಇನ್ನೊಬ್ಬ ಸದಸ್ಯೆ ತಾರಸಿ ಹತ್ತಿದೆವು. ಆಕೆ ದಿನಾ ಬೆಳಿಗ್ಗೆ ಚಿತ್ರದುರ್ಗಕ್ಕೆ ಗಾರೆ ಕೆಲಸಕ್ಕೆ ಹೋಗುವವರು. ಮೇಲೆ ಹೋದವರೇ ಕುಕ್ಕರಗಾಲಲ್ಲಿ ಕೂತು, ಹೊಸ ಪದರವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ಬೂದು ಬಣ್ಣದ ಪುಡಿ ಎದ್ದು ಬಂತು. ಅದನ್ನು ಅಂಗೈಯಲ್ಲಿ ಉಜ್ಜಿ ನನಗೆ ತೋರಿಸಿ, "ನೀರು ಕಟ್ಟಿಲ್ಲ ಕಣಣ್ಣ. ಎರಡು ದಿನಾನೂ ನೀರು ಉಣಿಸಿಲ್ಲ ಇದಕ್ಕೆ" ಎಂದರು.

ಹೊಸ ಕಾಂಕ್ರೀಟಿನ ಮೇಲೆ ಮಣ್ಣಿನ ಬದು ಹಾಕಿ ನೀರು ನಿಲ್ಲಿಸಿ ಅದನ್ನು ಹಸಿಯಾಗಿ ಇಡದಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು. ಅದಕ್ಕೆ ಕನಿಷ್ಠ ಹತ್ತು ದಿನ ನೀರುಣಿಸಬೇಕು, ಒಣ ಬಿಸಿಲಿನ ಕಾಲದಲ್ಲಿ ಹದಿನಾಲ್ಕು ದಿನವಾದರೆ ಒಳ್ಳೆಯದು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆಕೆಗೆ ಉಗುರಿನಲ್ಲೇ ಗೊತ್ತಾಯಿತು.

"ಕೆಲಸ ನಡೆಯುವಾಗಲೇ ಹೇಳಬಾರದಿತ್ತೇನಕ್ಕ?" ಎಂದು ಕೇಳಿದೆ. "ನಾನೆಲ್ಲಿದ್ದೆ? ದುರ್ಗದಲ್ಲಿ ಯಾರದೋ ಮನೆ ತಾರಸಿಗೆ ನೀರು ಕಟ್ತಿದ್ದೆ" ಎಂದು ನಕ್ಕರು. ನವೆಂಬರ್ ಸಭೆಯಲ್ಲಿ ಏನಾದರೂ ಕೇಳಬಹುದಿತ್ತಲ್ಲ ಎಂದದ್ದಕ್ಕೆ, "ಬುಕ್ಕು ಕೊಟ್ರು, ಸೈನ್ ಹಾಕ್ದೆ. ಏನು ಕೆಲಸ ಅಂತ ಯಾರು ಓದಿ ಹೇಳಿದ್ರು?" ಎಂದರು.

ನನ್ನ ಪಕ್ಕದಲ್ಲೇ ಕುಳಿತಿದ್ದ ಒಬ್ಬರಿಗೆ ಆ ನಾಲ್ಕು ಲಕ್ಷದ ಕಾಮಗಾರಿಯ ಒಳಹೊರಗು ಗೊತ್ತಿತ್ತು, ಅದನ್ನು ಕೇಳುವ ವ್ಯವಸ್ಥೆ ಮಾತ್ರ ನಮ್ಮ ಸಭೆಗೆ ಇರಲಿಲ್ಲ. ಹಳ್ಳಿಯವರಿಗೆ ತಾಂತ್ರಿಕ ವಿಷಯ ಅರ್ಥವಾಗುವುದಿಲ್ಲ ಎಂದು ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ಈ ಜಿಲ್ಲೆಯ ಹಳ್ಳಿಗಳಲ್ಲಿ ಗಾರೆ ಕೆಲಸದವರು, ಸೆಂಟ್ರಿಂಗ್ ಕಟ್ಟುವವರು, ಬಣ್ಣ ಹೊಡೆಯುವವರು, ವೈರಿಂಗ್ ಮಾಡುವವರು ಮನೆಗೊಬ್ಬರಂತೆ ಸಿಗುತ್ತಾರೆ. ಅವರೇ ನಮ್ಮ ಶಾಲೆಗಳ ಪೋಷಕರು. ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿದರೆ ಸಾಕು, ಇಷ್ಟು ಮೂಟೆ ಸಿಮೆಂಟು, ಇಷ್ಟು ಚದರ ಮೀಟರ್ ಗಿಲಾವು, ಇಂಥ ಕಂಪನಿಯ ಬಣ್ಣ, ಎರಡು ಕೋಟು ಎಂದು. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ, ಬಸ್ಸಿನ ಲೆಕ್ಕ ನೋಡಿದ ಹಾಗೆಯೇ.

ಕಾಗದ ಕೊಡುವುದಿಲ್ಲ ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರಲ್ಲಿ ಕಡತದ ನಕಲು ಕೇಳಬಹುದು ಎಂಬುದು ಎಲ್ಲರಿಗೂ ಗೊತ್ತು. ಕಾಮಗಾರಿಯನ್ನೇ ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಅದೇ ಕಾಯ್ದೆಯ 2ನೇ ಕಲಮಿನಲ್ಲಿದೆ ಎಂಬುದು ಗೊತ್ತಿರುವವರು ಕಡಿಮೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಆದರೂ ಶಾಲೆಯ ವಿಷಯದಲ್ಲಿ ಮೊದಲ ಹೆಜ್ಜೆಗೇ ಅರ್ಜಿ ಹಾಕುವುದು ನನಗೆ ಇಷ್ಟವಿಲ್ಲ. ಮುಖ್ಯ ಶಿಕ್ಷಕರು ಸಮಿತಿಯ ಸದಸ್ಯ ಕಾರ್ಯದರ್ಶಿಗಳು, ನಮ್ಮವರೇ. ಪಾಠ, ಬಿಸಿಯೂಟ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿಗಳ ನಡುವೆ ಅವರಿಗೆ ತಾರಸಿ ಹತ್ತಿ ನೋಡುವ ಪುರುಸೊತ್ತೂ ಇರುವುದಿಲ್ಲ. ಕೇಳಿದರೆ ಕೊಡುತ್ತಾರೆ. ನಾವು ಕೇಳಲಿಲ್ಲ, ಅಷ್ಟೇ.

ಪ್ರವಾಸದ ವಿಷಯದಲ್ಲಿ ಮಾತ್ರ ನಾವು ಸಮರ್ಥರಾಗಿದ್ದೆವು ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಎರಡು ಗಂಟೆಯೂ ದುಡ್ಡಿನ ಸುತ್ತಲೇ ಸುತ್ತಿದೆವು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ನೀರಿರುವ ಜಾಗದಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು, ಹೆಣ್ಣುಮಕ್ಕಳ ಜೊತೆ ಹೋಗುವ ಶಿಕ್ಷಕಿ ಯಾರು ಎಂಬ ಪ್ರಶ್ನೆಯನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಶಿಕ್ಷಕರು ತಾವಾಗಿಯೇ ಜಾಗ್ರತೆ ವಹಿಸಿದರು. ಅದು ಅವರ ದೊಡ್ಡತನ.

ಯಾರು ಬರುತ್ತಿಲ್ಲ ಎಂಬುದನ್ನೂ ನಾವು ಕೇಳಲಿಲ್ಲ. ನನ್ನ ಮಗಳ ತರಗತಿಯಲ್ಲಿ ಐವರು ಮೈಸೂರಿಗೆ ಹೋಗಲಿಲ್ಲ. ನಾವು ಜಗಳವಾಡಿ ಇಳಿಸಿದ ಐವತ್ತು ರೂಪಾಯಿ ಅವರಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಪೂರ್ತಿ ಮೊತ್ತವೇ ಅವರ ಮನೆಗೆ ದೂರವಾಗಿತ್ತು. ಮೈಸೂರು ಬೇಡ ಎಂದು ನಾನು ಹೇಳುತ್ತಿಲ್ಲ, ಅರಮನೆಯ ದೀಪ ನೋಡುವ ಆಸೆ ಯಾವ ಮಗುವಿಗಿಲ್ಲ? ಆದರೆ ಆ ಬಸ್ಸಿನಲ್ಲಿ ಹೋದ ಮಕ್ಕಳಲ್ಲೂ ಬಹುಪಾಲು ಚಂದ್ರವಳ್ಳಿಯನ್ನು ಕಂಡಿರಲಿಲ್ಲ. ಕೋಟೆಯ ಪಕ್ಕದಲ್ಲೇ ಇರುವ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಕೆರೆಯ ಶಾಸನವಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ನೆಲವದು, ರೋಮಿನ ನಾಣ್ಯಗಳು ಸಿಕ್ಕ ಜಾಗ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಹಚ್ಚಿದ ಆ ಬಂಡೆಯ ಮೇಲೆ, ಶಾಸನ ಬರೆದ ಚಪಡ ತನ್ನ ಹೆಸರಿನ ಕೊನೆಗೆ 'ಲಿಪಿಕಾರ' ಎಂಬುದನ್ನು ಮಾತ್ರ ದೂರದ ವಾಯುವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದು ಹೋಗಿದ್ದಾನೆ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿಯಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಇವೆಲ್ಲ ಒಂದು ದಿನದಲ್ಲಿ ಹೋಗಿ ಬರುವ ಜಾಗಗಳು. ಚಂದ್ರವಳ್ಳಿ ಮತ್ತು ಕೋಟೆಗಂತೂ ಸಾಮಾನ್ಯ ಬಸ್ಸಿನಲ್ಲೇ ಹೋಗಬಹುದು, ಅದರಲ್ಲಿ ಹೆಣ್ಣುಮಕ್ಕಳಿಗೆ ನಿಜವಾಗಿಯೂ ಟಿಕೆಟ್ಟಿಲ್ಲ. ಆ ಐವರೂ ಬರಬಹುದಿತ್ತು.

ಇನ್ನೊಂದು ಮಾತು, ಸಭೆಯ ಹೊತ್ತಿನ ಬಗ್ಗೆ. ಬೆಳಿಗ್ಗೆ ಹನ್ನೊಂದು ಗಂಟೆಯ ಸಭೆಗೆ ಬರಬೇಕಾದರೆ ಕೂಲಿಗೆ ಹೋಗುವ ತಾಯಂದಿರು ಒಂದು ದಿನದ ಕೂಲಿ ಬಿಡಬೇಕು. ಹಾಗೆ ಬಿಟ್ಟು ಬಂದವರಿಗೆ ನಾವು ಕೊಡುವುದು ಹಿಂದಿನ ಬೆಂಚು ಮತ್ತು ನಡಾವಳಿ ಪುಸ್ತಕ. ಸಂಜೆ ಆರರ ನಂತರ ಸಭೆ ಇಡಬಾರದು ಎಂದು ಯಾವ ಸುತ್ತೋಲೆಯೂ ಹೇಳಿದ್ದನ್ನು ನಾನು ಕಂಡಿಲ್ಲ.

ಆಗಸ್ಟ್‌ನ ನಂತರ ನಾವು ಬರೆದ ಪತ್ರಕ್ಕೆ ಎಂಜಿನಿಯರ್ ಬಂದು ನೋಡಿಕೊಂಡು ಹೋಗಿದ್ದಾರೆ. ಪದರ ಕಿತ್ತು ಹೊಸದಾಗಿ ಹಾಕಿಸುವ ಮಾತಾಗಿದೆ, ದಿನಾಂಕ ಇನ್ನೂ ಆಗಿಲ್ಲ. ಮುಂದಿನ ಸಭೆ ಬರುವ ಶನಿವಾರ ಸಂಜೆ ಆರೂವರೆಗೆ. ವಿಷಯ ಎರಡು: ಶೌಚಾಲಯದ ದುರಸ್ತಿ ಮತ್ತು ಈ ವರ್ಷದ ಪ್ರವಾಸ. ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಶೌಚಾಲಯವನ್ನು ಮೊದಲಿಗೆ ಹಾಕಿಸಿದ್ದೇನೆ. ಅಂದಾಜು ಪಟ್ಟಿಯ ಜೆರಾಕ್ಸ್ ನನ್ನ ಬಳಿ ಇದೆ, ಅರ್ಧ ಭಾಗ ಕನ್ನಡಕ್ಕೆ ತಂದಿದ್ದೇನೆ. ಉಳಿದರ್ಧದಲ್ಲಿ ನನಗೆ ತಿಳಿಯದ ಹನ್ನೊಂದು ಪದಗಳಿವೆ. ನಾಳೆ ಆ ಗಾರೆ ಕೆಲಸದ ಅಕ್ಕ ದುರ್ಗದಿಂದ ಬಂದ ಮೇಲೆ ಅವರ ಮನೆಯ ಜಗಲಿಯಲ್ಲಿ ಕೂತು ಅದನ್ನು ಮುಗಿಸಬೇಕು.